ಮೊದಲು ಮರೆಯಾದದ್ದು ಡಾರ್ಟ್

ನಾನು ನಿವೃತ್ತಳಾಗುವುದಕ್ಕೆ ಎರಡು ವರ್ಷ ಮುಂಚೆ ಜೇವರ್ಗಿ ತಾಲೂಕಿನ ಕೊಳಕೂರ ಕಡೆಯ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಶಿಕ್ಷಕಿಯಾಗಿ ಬಂದೆ. ಅದಕ್ಕೂ ಮೊದಲು ಆಳಂದ, ಅಫಜಲಪುರ ಎರಡೂ ಕಡೆ ದುಡಿದಿದ್ದೆ. ಸ್ಪೆಲ್ಲಿಂಗು ತಿದ್ದಿ ತಿದ್ದಿ ಕನ್ನಡಕದ ನಂಬರು ಏರಿತ್ತು, ಸಿಟ್ಟೂ ಏರಿತ್ತು. ಇಷ್ಟು ವರ್ಷಗಳಲ್ಲಿ ಎಷ್ಟೋ ಮಕ್ಕಳ ಹೆಸರು ಮರೆತಿದ್ದೇನೆ. ಶರಣಮ್ಮನನ್ನು ಮಾತ್ರ ಮರೆಯಲಾಗಿಲ್ಲ.

ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಚಿತ್ರ ನೋಡಿ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಬರೆಯುವ ಪ್ರಶ್ನೆ ಇರುತ್ತದೆ. ಚಿತ್ರದಲ್ಲಿ ಹಕ್ಕಿ ಕಂಡರೆ ನಮ್ಮ ಮಕ್ಕಳಿಗೆ ಗೊತ್ತಿದ್ದದ್ದು ಒಂದೇ ಶಬ್ದ, ಫ್ಲೈ. ಕಾಗೆಯೂ ಫ್ಲೈ, ಚಿಟ್ಟೆಯೂ ಫ್ಲೈ, ವಿಮಾನವೂ ಫ್ಲೈ. ನನಗೆ ಇದು ಸೇರುತ್ತಿರಲಿಲ್ಲ. ಬೋರ್ಡಿನ ಮೇಲೆ ಸಮಾನಾರ್ಥಕ ಪದ ಬರೆಸಿದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಹಾಗಾಗಿ ಎಲ್ಲರನ್ನೂ ಶಾಲೆಯ ಹಿಂದಿನ ಜೋಳದ ಹೊಲದ ಬದುವಿಗೆ ಕರೆದೊಯ್ದು ನಿಲ್ಲಿಸುತ್ತಿದ್ದೆ. ಹದ್ದು ರೆಕ್ಕೆ ಬಡಿಯದೆ ಮೇಲೇರಿದರೆ ಸೋರ್. ಬೆಳ್ಳಕ್ಕಿ ತೇಲಿಕೊಂಡು ಇಳಿದರೆ ಗ್ಲೈಡ್. ಗಿಡುಗ ಮೇಲಿಂದ ಎರಗಿದರೆ ಸ್ವೂಪ್. ಚಿಟ್ಟೆ ಪಟಪಟ ಅಂದರೆ ಫ್ಲಟರ್. ಗುಬ್ಬಿ ಸರ್ರನೆ ಒಂದು ಕಡೆಯಿಂದ ಇನ್ನೊಂದು ಕಡೆ ನುಗ್ಗಿದರೆ ಡಾರ್ಟ್. ಹಕ್ಕಿ ಕಂಡವರು ಶಬ್ದ ಕೂಗಬೇಕು, ಅದೇ ಆಟ.

ಶರಣಮ್ಮ ಬಾಯಿಪಾಠದಲ್ಲಿ ಕ್ಲಾಸಿಗೇ ಮೊದಲು. ಈ ಆಟದಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಅವಳೇ ಸ್ಟಾಫ್ ರೂಮಿಗೆ ಬಂದಳು.

“ಟೀಚರ್, ನನಗ ಡಾರ್ಟ್ ಕಾಣಂಗಿಲ್ರಿ. ನೋಡಬೇಕು ಅನ್ನೋದ್ರಾಗ ಹೋಗಿಬಿಡ್ತದ. ಹದ್ದು ನಿಧಾನ ತಿರಗತದಲ್ರಿ, ಅದು ಸಿಗ್ತದ.”

ಅವಳ ಅವ್ವ ಭೀಮಬಾಯಿಯನ್ನು ಒಪ್ಪಿಸಿ, ಇಬ್ಬರನ್ನೂ ನಾನೇ ಕಲಬುರಗಿಯ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಡಾಕ್ಟರು ಬಿಡಿಸಿ ಹೇಳಿದರು: ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ, ಅಂಚಿನಿಂದ ಒಣಗುತ್ತಾ ಬರುತ್ತಿದೆ. ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಕಾಣುತ್ತದೆ, ಅದೂ ಕಿರಿದಾಗುತ್ತಾ ಹೋಗುತ್ತದೆ, ಮಬ್ಬು ಬೆಳಕಿನಲ್ಲಂತೂ ಅಷ್ಟೂ ಕಾಣದು. ವಂಶದಲ್ಲಿ ಹರಿದು ಬರುವ ರೋಗ, ಮದ್ದಿಲ್ಲ. ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಿದರೆ ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯಲು ಸ್ಕ್ರೈಬ್ ಸಿಗುತ್ತಾರೆ, ಹೆಚ್ಚಿನ ಸಮಯವೂ ಸಿಗುತ್ತದೆ. ಹುಡುಗಿ ಜಾಣೆ, ಪಾಸಾಗುವುದರಲ್ಲಿ ಸಂಶಯವೇ ಇರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಭೀಮಬಾಯಿ ನನ್ನ ಕೈ ಹಿಡಿದುಕೊಂಡಳು.

“ಬ್ಯಾಡ್ರಿ ಟೀಚರ್. ದೊಡ್ಡಾಕಿದು ಮಣ್ಣೂರಾಗ ಲಗ್ನ ಗೊತ್ತಾಗ್ಯದ. ವಂಶದಾಗ ಕಣ್ಣಿನ ದೋಷ ಅದ ಅಂತ ಕಾಗದದ ಮ್ಯಾಲ ಬಂದ್ರ ಆಕಿನ್ನ ಯಾರು ಮಾಡ್ಕೋತಾರ್ರಿ? ಮಹಾದೇವಿ ಕಿವಿಗೂ ಹಾಕಬ್ಯಾಡ್ರಿ, ಎದಿ ಒಡ್ಕೋತಾಳ.”

ಮಹಾದೇವಿ ಅಂದರೆ ಶರಣಮ್ಮನ ಅಕ್ಕ. ತಂಗಿಗೆ ದೃಷ್ಟಿ ಮಂದ ಎಂದಷ್ಟೇ ಅವಳಿಗೆ ಗೊತ್ತಿತ್ತು. ನಾನು ಶರಣಮ್ಮನ ಮುಖ ನೋಡಿದೆ. “ಅಕ್ಕನ ಲಗ್ನ ಆಗ್ಲಿ ಟೀಚರ್. ನಾ ಹ್ಯಾಂಗರ ಮಾಡಿ ಬರೀತೇನಿ” ಅಂದಳು. ಹೆತ್ತವರ ಸಹಿಯಿಲ್ಲದೆ ಅರ್ಜಿ ಮುಂದೆ ಹೋಗದು. ಎರಡು ಸಲ ಮನೆಗೆ ಹೋಗಿ ಜಗಳವಾಡಿದಂತೆಯೇ ಹೇಳಿದೆ. ತಾಯಿ ಅತ್ತಳು, ಸಹಿ ಹಾಕಲಿಲ್ಲ.

ಉಳಿದದ್ದು ನನ್ನ ಕೈಲಾದಷ್ಟು ಕಲಿಸುವುದು. ಬಿಡುವಿನ ಅವಧಿಯಲ್ಲಿ ಅವಳ ಅಂಗೈಯನ್ನೇ ಆಕಾಶ ಮಾಡಿಕೊಂಡು ನನ್ನ ಬೆರಳನ್ನು ಹಕ್ಕಿಯಂತೆ ಆಡಿಸುತ್ತಿದ್ದೆ. ಅವಳು ಥಟ್ಟನೆ ಶಬ್ದ ಹೇಳುತ್ತಿದ್ದಳು, ಎಂದೂ ತಪ್ಪಿದ್ದಿಲ್ಲ. ಆದರೆ ಬದುವಿಗೆ ಹೋದಾಗ ಒಂದೊಂದೇ ಹಕ್ಕಿ ಕಳೆಯುತ್ತಿತ್ತು. ಡಾರ್ಟ್ ಆದ ಮೇಲೆ ಸ್ವೂಪ್ ಹೋಯಿತು. ದಸರೆ ಮುಗಿಯುವ ಹೊತ್ತಿಗೆ ಫ್ಲಟರ್ ಹೋಯಿತು. “ಬೆಳ್ಳಕ್ಕಿ ಇನ್ನ ಅದ ರೀ” ಎಂದು ಅವಳು ನಗುತ್ತಿದ್ದಳು.

ಜೋಳ ಹಾಲುಗಾಳಾದಾಗ ಹೊಲದಲ್ಲೇ ತೆನೆ ಸುಟ್ಟು, ಉಜ್ಜಿ, ಬೆಲ್ಲ ಚಟ್ನಿಪುಡಿ ಜೊತೆ ತಿನ್ನುವುದಕ್ಕೆ ನಮ್ಮ ಕಡೆ ಸೀತನಿ ಎನ್ನುತ್ತೇವೆ. ಬೀಗರನ್ನು ಸೀತನಿಗೆ ಕರೆಯದಿದ್ದರೆ ಮರ್ಯಾದೆಯೇ ಅಲ್ಲ. ಭೀಮಬಾಯಿ ಮಣ್ಣೂರಿನವರನ್ನು ಕರೆದಳು, ನನ್ನನ್ನೂ ಕರೆದಳು. ಬೀಗರೆಂದ ಮೇಲೆ ಚೇಷ್ಟೆ ಇದ್ದದ್ದೇ. ವರನ ಸೋದರತ್ತೆ ಮಾತಿನಲ್ಲಿ ಬಲು ಜೋರು. ಕಾಳು ಉಜ್ಜಿ ತೆಗೆದ ತೆನೆಗಳನ್ನು ಹೆಣ್ಣಿನ ಕಡೆಯವರ ಮೇಲೆ ತೂರಿ, “ಹಿಡೀರಿ, ಬೀಗತೀರ!” ಎಂದು ನಗಿಸುತ್ತಿದ್ದಳು. ಎಲ್ಲರೂ ಹಿಡಿದರು, ಇಲ್ಲವೇ ತಲೆ ಬಗ್ಗಿಸಿದರು.

ಶರಣಮ್ಮನ ಕಡೆ ಬಂದ ತೆನೆ ನೇರ ಅವಳ ಕೆನ್ನೆಗೆ ಬಡಿಯಿತು. ಅವಳು ಕೈ ಎತ್ತಲಿಲ್ಲ, ಕಣ್ಣೂ ಮುಚ್ಚಲಿಲ್ಲ. ನಗು ನಿಂತಿತು. ಆ ಹೆಂಗಸು ಇನ್ನೊಂದು ತೆನೆ ತೆಗೆದುಕೊಂಡು, ಈ ಸಲ ಮೆಲ್ಲಗೆ, ಪಕ್ಕದಿಂದ ಎಸೆದಳು. ಅದೂ ಬಡಿಯಿತು.

“ಈ ಹುಡುಗಿಗಿ ಕಣ್ಣ ಕಾಣಂಗಿಲ್ಲೇನ ಬೇ?”

ಭೀಮಬಾಯಿ ಮಗಳನ್ನು ತನ್ನ ಬೆನ್ನ ಹಿಂದಕ್ಕೆ ಎಳೆದುಕೊಂಡಳು. ವಾರದೊಳಗೆ ಲಗ್ನ ಮುರಿದ ಸುದ್ದಿ ಬಂತು. ಭೀಮಬಾಯಿ ಮರುದಿನವೇ ಶಾಲೆಗೆ ಓಡಿಬಂದು ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆಂದಳು. ಸ್ಕ್ರೈಬ್ ಕೇಳುವ ಗಡುವು ಮುಗಿದುಹೋಗಿತ್ತು. ನಾನೂ ಹೆಡ್‌ಮಾಸ್ಟರೂ ಬಹಳ ಓಡಾಡಿದೆವು, ಆಗಲಿಲ್ಲ.

ಶರಣಮ್ಮ ಪರೀಕ್ಷೆಗೆ ಕೂತಳು. ಹೊರಬಂದಾಗ ಕೇಳಿದೆ. ಚಿತ್ರದಲ್ಲಿ ಏನಿತ್ತೋ ತಿಳಿಯಲಿಲ್ಲ, ಗೊತ್ತಿದ್ದ ಶಬ್ದಗಳನ್ನೆಲ್ಲ ಬರೆದೆ ಅಂದಳು. ಸಾಲಿನ ಮೇಲೆ ಸಾಲು ಬಿದ್ದಿರಬೇಕು, ತಿದ್ದಿದವರು ಓದುವುದಾದರೂ ಹೇಗೆ? ಫೇಲಾದಳು. ಅಕ್ಕನ ಲಗ್ನವೂ ಹೋಯಿತು, ತಂಗಿಯ ಪರೀಕ್ಷೆಯೂ ಹೋಯಿತು. ರಿಸಲ್ಟ್ ನೋಡಿ ನಾನು ಶಾಲೆಯಲ್ಲೇ ಕೂತು ಅತ್ತೆ, ಸುಳ್ಳೇಕೆ ಹೇಳಲಿ.

ಆ ಸಂಜೆ ಅವರ ಮನೆಗೆ ಹೋದೆ. ಅಕ್ಕತಂಗಿಯರಿಬ್ಬರೂ ಕಟ್ಟೆಯ ಮೇಲೆ ಒತ್ತಿಕೊಂಡು ಕೂತಿದ್ದರು. ಮುಂದಿನ ಸಲ ಸರ್ಟಿಫಿಕೇಟ್ ಇರುತ್ತದೆ, ಮತ್ತೆ ಪರೀಕ್ಷೆ ಕಟ್ಟಿ ಪಾಸಾಗಬಹುದು ಎಂದೆ. ಆಗಲೇ ಮಹಾದೇವಿಗೆ ಅರ್ಥವಾದದ್ದು, ಈ ಸಲವೂ ಅದು ಸಿಗಬಹುದಿತ್ತು, ತನಗಾಗಿ ಬಿಟ್ಟಿದ್ದರು ಎಂದು. ಅವಳು ನನ್ನ ಕಡೆ ತಿರುಗಿದಳು.

“ನನ್ನ ಒಂದು ಮಾತು ಕೇಳಿದ್ರ, ನಾನಽ ಕೈ ಹಿಡದು ಕರ್ಕೊಂಡು ಹೋಗಿ ಮಾಡಸ್ತಿದ್ದೆ ರೀ. ಲಗ್ನ ಇನ್ನೊಂದು ಬರ್ತಿತ್ತು. ನನ್ನ ಯಾರೂ ಕೇಳಲಿಲ್ಲ.”

ವೃತ್ತಿ ನನಗೆ ಕಲಿಸಿದ ಕೊನೆಯ ಪಾಠ ಅದು: ಯಾರ ಒಳ್ಳೆಯದಕ್ಕೆಂದು ಒಂದು ಮಾತು ಮುಚ್ಚಿಡುತ್ತೇವೋ, ಮೊದಲು ಅವರನ್ನೇ ಕೇಳಬೇಕು.

ಹೊತ್ತು ಮುಳುಗಿ ಮಬ್ಬುಗತ್ತಲಾಗುತ್ತಿತ್ತು. ಮಹಾದೇವಿಯ ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು, ಸದ್ದೇ ಇರಲಿಲ್ಲ. ಶರಣಮ್ಮ ಅಕ್ಕನ ಕಡೆಗೇ ಮುಖ ಮಾಡಿ ಕೂತಿದ್ದಳು.

“ಯಾಕ್ಕಾ, ಸುಮ್ಮಕಾದಿ?” ಅಂದಳು. “ನನ್ನ ಮ್ಯಾಲ ಸಿಟ್ಟಾಗಿದಿಯೇನ?”