ನಾಲ್ಕನೆಯ ಕೊಳವೆಯ ತಿರುವು

1936ರ ಬೇಸಿಗೆ. ಮದರಾಸಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಸೇಲಂನ ಖಾಸಗಿ ಮೋಟಾರು ವರ್ಕ್‌ಶಾಪೊಂದರಲ್ಲಿ ಸಹಾಯಕ ಇಂಜಿನಿಯರ್ ಆಗಿದ್ದೆ. ಅದರ ಯಜಮಾನರಾದ ಮೊದಲಾಳಿಗೆ ರೇಸಿನ ಹುಚ್ಚು. ತಮ್ಮ ಕಾರಿಗೆ ಹೊಸ ಇನ್‌ಟೇಕ್ ಮ್ಯಾನಿಫೋಲ್ಡ್ ಬೇಕೆಂದರು. ಕಾರ್ಬ್ಯುರೇಟರಿನಿಂದ ಬರುವ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ನಾಲ್ಕು ಸಿಲಿಂಡರುಗಳಿಗೂ ಹಂಚುವ ಕವಲುಕೊಳವೆ ಅದು. ಪಾಲು ಸಮನಾಗಲೆಂದು ನಾಲ್ಕು ಕವಲುಗಳನ್ನೂ ಒಂದೇ ಉದ್ದಕ್ಕೆ ನಕ್ಷೆ ಬರೆದೆ. ಫಿಟ್ಟರ್ ಕೆಂಪಣ್ಣ ಅದನ್ನು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದ.

ಕೂಡಿಸಿ ಓಡಿಸಿದರೆ ನಾಲ್ಕನೆಯ ಸಿಲಿಂಡರ್ ಕೆಮ್ಮಿತು.

"ಭಾನುವಾರ ಕಾರು ತೊಪ್ಪೂರು ಘಾಟಿ ಅತ್ಬೇಕು. ಅತ್ತದಿದ್ರೆ ಎರಕ ಉಯ್ದೋನಿಗೆ ಇಲ್ಲಿ ವೇಲೆ ಇಲ್ಲ, ಕೆಲಸ ಇಲ್ಲ," ಎಂದ ಮೊದಲಾಳಿ, ಎದುರಾಳಿಗಳು ನಕಲು ಮಾಡಿಯಾರೆಂದು ನಮ್ಮಿಬ್ಬರನ್ನೂ ಶೆಡ್ಡಿನೊಳಗಿಟ್ಟು ಬೀಗ ಹಾಕಿಸಿದರು. ಊಟ ಕಿಟಕಿಯ ಸರಳುಗಳ ನಡುವೆ ಬರುತ್ತಿತ್ತು. ತಗಡಿನ ಸೂರಿನಡಿ ಉಸಿರೂ ಕಾದಿತ್ತು.

"ತಿರುವಿನಾಗೆ ಅಚ್ಚಿನ ಮರಳು ಕಚ್ಕಂಡೈತೆ ಸಾರ್. ಉಜ್ಜೋ ಅರ ಒಳಕ್ಕೆ ಓಗಲ್ಲ. ಒಡೆದು ನೋಡನಾ?" ಎಂದ ಕೆಂಪಣ್ಣ, ನಾಲ್ಕನೆಯ ಕೊಳವೆಯಲ್ಲಿ ಇಣುಕಿ.

"ಒಡೆದ್ರೆ ಇನ್ನೊಂದು ಎಲ್ಲಿಂದ ತರ್ತೀಯಪ್ಪ?"

ನಮ್ಮದು ನೇಕಾರರ ಮನೆ. ಮಗ್ಗದ ಲಾಳಿಯ ಕಣ್ಣಿಗೆ ಬಾಯಿಟ್ಟು ಹೀರಿ ನೂಲು ಪೋಣಿಸುತ್ತಿದ್ದೆವು. ಅದೇ ಉಪಾಯ ಹೂಡಿದೆ. ಕೆಂಪಣ್ಣ ಉಳಿದ ಕವಲುಗಳ ಬಾಯಿಗಳನ್ನು ಅಂಗೈಯಿಂದ ಮುಚ್ಚಿದ. ಕಾರ್ಬ್ಯುರೇಟರಿನ ತುದಿಯಲ್ಲಿ ರೇಷ್ಮೆ ಎಳೆ ಇಳಿಬಿಟ್ಟು, ನಾಲ್ಕನೆಯ ಕೊಳವೆಗೆ ಬಾಯಿಟ್ಟು ಎಳೆದೆ.

"ಕಾಲೇಜ್ ಓದ್ಬಂದು ಸೀಪ್ತಾವ್ರೆ, ಪಾರು, ನೋಡು!" ಎಂದು ನಕ್ಕ.

ಪೆಟ್ರೋಲಿನ ವಾಸನೆಯ ಎಳೆ ನಾಲಗೆಗೆ ತಾಗಿತು. ಎಳೆಯ ಹಿಂದೆ ದಾರ, ದಾರದ ಹಿಂದೆ ಎಣ್ಣೆ-ಮರಳು ಹಚ್ಚಿದ ಹಗ್ಗ. ಆಚೆ ಅವನು, ಈಚೆ ನಾನು, ಸರದಿಯಲ್ಲಿ ಎಳೆದೆವು. ಕೊನೆಗೆ ಬೆಂದ ಮರಳಿನ ಹೆಕ್ಕಳವೊಂದು ಉದುರಿತು. ಅಡಿಕೆಯಷ್ಟಿತ್ತೆಂದು ನೆನಪು. ನೆನಪೇ ಅದನ್ನು ಊದಿಸಿರಲೂಬಹುದು.

ಒಮ್ಮೆಗೆ ಒಂದನ್ನೇ ಬದಲಿಸಿ ಪರೀಕ್ಷಿಸಬೇಕೆಂಬುದು ಕಲಿತ ಪಾಠ. ಆದರೆ ಕೆಂಪಣ್ಣ ಕೈಹಿಡಿದ: "ಜೆಟ್ಟೂ ದೊಡ್ಡದು ಆಕ್ಬುಡಿ ಸಾರ್. ನನ್ ಮನೆ ಒಲೆ ಐತೆ ಇದ್ರಾಗೆ." ಜೆಟ್ ಎಂದರೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ತಿರುಪು. ಅದನ್ನೂ ಬದಲಿಸಿದೆ.

ಭಾನುವಾರ ಕಾರು ಕೆಮ್ಮದೆ ಘಾಟಿ ಹತ್ತಿತು. ಮೇಲೆ ನಿಂತು ಮೊದಲಾಳಿ ಕೇಳಿದರು: "ಕುದುರೆ ಆಗ್ಬುಡ್ತಲ್ಲಪ್ಪಾ! ಏನಾಗಿತ್ತು?"

ಮರಳೆಂದರೆ ಕೆಂಪಣ್ಣನ ಕೆಲಸ ಹೋದಂತೆ. "ಜೆಟ್ ಚಿಕ್ಕದಿತ್ತು," ಎಂದೆ.

ಮರುದಿನವೇ ಅವರ ಎಲ್ಲ ಕಾರುಗಳಿಗೂ ದೊಡ್ಡ ಜೆಟ್ ಹಾಕುವ ಹುಕುಂ ಬಂತು. ಬೇಡವೆಂದರೆ ನನ್ನ ಮೊದಲ ಮಾತು ಸುಳ್ಳಾಗುತ್ತಿತ್ತು. ಪೆಟ್ರೋಲು ಹೆಚ್ಚಾಗಿ ಕಪ್ಪು ಹೊಗೆ ಕಾರುವ ಕಾರುಗಳ ನಡುವೆ ಬಹಳ ಕಾಲ ಕಳೆದೆ. "ಬೀಗ ತೆಗುದ್ರೂ ನೀವ್ ಒಳಗೇ ಉಳ್ಕಂಡ್ರಲ್ಲ ಸಾರ್," ಎನ್ನುತ್ತಿದ್ದ ಕೆಂಪಣ್ಣ.

ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕಾರಣವೆಂದು ತಿಳಿಯುವುದಿಲ್ಲ. ವೃತ್ತಿಯುದ್ದಕ್ಕೂ ಕಿರಿಯರಿಗೆ ಇದನ್ನೇ ಹೇಳಿದ್ದೇನೆ. ಆ ಭಾನುವಾರ ಮಾತ್ರ, ಮರಳೋ ಜೆಟ್ಟೋ ಎಂದು ಖಚಿತವಾಗಿ ತಿಳಿಯದೆ ಹೋದದ್ದೇ ಒಬ್ಬನ ಅನ್ನ ಉಳಿಸಿತು.