ಏಳು ಸಲ ಸೋತವನ ಪ್ರಚಾರ

ನನ್ನ ದನಿ ದಾವಣಗೆರೆಯ ಬೀದಿ ಬೀದಿ ಸುತ್ತುತ್ತಿದ್ದ ಕಾಲದಲ್ಲಿ ನಾನು ಮಾತ್ರ ಪಿ.ಜೆ. ಬಡಾವಣೆಯ ಒಂದು ಕೋಣೆಯಲ್ಲಿ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿಕೊಂಡು ಕೂತಿರುತ್ತಿದ್ದೆ. ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ಕ್ಲಿನಿಕ್ಕೊಂದರ ಮೇಲಿನ ಮಹಡಿಯಲ್ಲಿದ್ದ ರೆಕಾರ್ಡಿಂಗ್ ಅಂಗಡಿಯಲ್ಲಿ ಪ್ರಚಾರದ ಕ್ಯಾಸೆಟ್ಟುಗಳಿಗೆ ದನಿ ಕೊಡುವುದು ನನ್ನ ಕೆಲಸ. ಸೀರೆ ಮಾರಾಟವಾಗಲಿ, ಕಣ್ಣಿನ ತಪಾಸಣೆಯಾಗಲಿ, ನಾನು ಓದಿದ್ದನ್ನು ಆಟೋಗೆ ಕಟ್ಟಿದ ಎರಡು ಲೌಡ್‌ಸ್ಪೀಕರುಗಳು ದಿನವಿಡೀ ಕೂಗುತ್ತಿದ್ದವು. ಬೇರೆ ಊರಿನ ಸ್ಟುಡಿಯೋಗಳಲ್ಲಿ ದನಿ ಗುಂಯ್ ಅನ್ನದಿರಲೆಂದು ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುತ್ತಾರೆ. ನಮ್ಮ ಮಾಲೀಕರು ಲಿಂಗ ಕಟ್ಟಿದವರು, ಅಂಗಡಿಯೊಳಗೆ ಮೊಟ್ಟೆಯ ಟ್ರೇ ಬರುವಂತಿಲ್ಲ. ಮಂಡಕ್ಕಿ ಭಟ್ಟಿಯಿಂದ ಗೋಣಿಚೀಲ ತಂದು ಗೋಡೆಗೆ ಹೊಡೆಸಿದ್ದರು. ಆ ವಾಸನೆಯಲ್ಲಿ ಕೂತು ಕೂತು ನನಗೆ ಮಂಡಕ್ಕಿ ಕಂಡರೇ ಆಗದಂತಾಗಿತ್ತು.

ನನಗೆ ಕೋಪ ಮೂಗಿನ ತುದಿಯಲ್ಲೇ. ಒಂದು ಕಡೆ ಕೂರುವ ಜಾಯಮಾನವೂ ನನ್ನದಲ್ಲ. ಇನ್ನೇನು ಕೊನೆಯ ಸಾಲು ಅನ್ನುವಾಗ ಕೆಳಗೆ ಯಾರೋ ಹಾರ್ನ್ ಹೊಡೆಯುತ್ತಿದ್ದರು, ಮತ್ತೆ ಮೊದಲಿಂದ ಓದಬೇಕು. ದೇವರಾಜ ಅರಸು ಬಡಾವಣೆಯ ಮನೆಗೆ ಹೋದರೆ ಅಲ್ಲಿ ಗಂಡು ನೋಡುವ ಗಡಿಬಿಡಿ. ಬಂದವರೊಬ್ಬರು "ಹುಡ್ಗಿ ಆಟೋದಾಗ ಕೂಗ್ತಾಳಂತಲ್ರಿ" ಅಂದು, ಉಪ್ಪಿಟ್ಟು ಮಾತ್ರ ಪೂರ್ತಿ ತಿಂದು ಹೋದರು. ಎಲ್ಲಿದ್ದರೂ ಕಾಲು ಸುಟ್ಟ ಬೆಕ್ಕಿನ ಹಾಗೆ ಆಡುತ್ತಿದ್ದೆ.

ಅಂಥ ದಿನಗಳಲ್ಲಿ ಕುಸ್ತಿಯ ಕ್ಯಾಸೆಟ್ ಬಂತು. ಊರಿನ ಕುಸ್ತಿ ಸಮಿತಿಯ ಅಧ್ಯಕ್ಷರು ಕಾಳಿನ ವ್ಯಾಪಾರಿ, ಬಿಳಿ ಅಂಗಿ, ಗಟ್ಟಿ ಗಂಟಲು. ಮುಂದಿನ ಭಾನುವಾರ ಬೆಳ್ಳಿ ಗದೆಗೆ ಕುಸ್ತಿ. ಮೂರು ವರ್ಷದಿಂದ ಗದೆ ಬಿಟ್ಟುಕೊಡದ ನಮ್ಮೂರಿನ ಪೈಲ್ವಾನನ ಹೆಸರು ಹಸುಗೂಸಿಗೂ ಗೊತ್ತು. ಅವನಿಗೆ ಸವಾಲು ಹಾಕಿದವನು ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವನು. ಅವನ ಹೆಸರು ಯಾರಿಗೂ ಗೊತ್ತಿಲ್ಲ.

"ಇವ ಯಾರು ಅಂತ ಕೇಳಿದ್ರೆ ನಂಗೇ ಹೇಳಾಕ್ ಬರಲ್ಲ," ಎಂದರು ಅಧ್ಯಕ್ಷರು. "ನೀನೇ ಏನಾರ ಸೇರ್ಸವ್ವ. ಜನ ಬರ್ಬೇಕು, ಅಷ್ಟೆ."

ಸೇರಿಸುವುದರಲ್ಲಿ ನಾನು ಎತ್ತಿದ ಕೈ. ಕುಸ್ತಿಯನ್ನು ಕಣ್ಣಾರೆ ಕಂಡವಳಲ್ಲದಿದ್ದರೂ ಹತ್ತೇ ನಿಮಿಷದಲ್ಲಿ ಬರೆದೆ: "ಪ್ರಿಯ ಕುಸ್ತಿ ಅಭಿಮಾನಿಗಳೇ, ಬರುತ್ತಿದ್ದಾನೆ, ಸೋಲನ್ನೇ ಅರಿಯದ ಹರಿಹರದ ಹುಲಿ!" 'ಹುಲಿ' ಅನ್ನುವಾಗ ದನಿಯನ್ನು ತುಸು ನಡುಗಿಸಿದೆ. ಮಾಲೀಕರು ತಲೆದೂಗಿದರು. ಶುಕ್ರವಾರದಿಂದಲೇ ಆಟೋ ಬೆಳಗಿನ ಹೊತ್ತು ದಾವಣಗೆರೆ, ಮಧ್ಯಾಹ್ನದ ಮೇಲೆ ಹರಿಹರ ಅಂತ ಓಡತೊಡಗಿತು.

ಸೋಮವಾರ ಮಧ್ಯಾಹ್ನ ಒಬ್ಬರು ಮೆಟ್ಟಿಲು ಹತ್ತಿ ಬಂದರು. ಮೂವತ್ತರ ಮೇಲಿನ ವಯಸ್ಸು, ಮುರಿದು ಗಂಟಾದ ಕಿವಿ, ಉಗುರಿನಲ್ಲಿ ಎಣ್ಣೆ ಕಪ್ಪು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಎಷ್ಟು ಹೇಳಿದರೂ ಕುರ್ಚಿಯ ಮೇಲೆ ಕೂರದೆ ನಿಂತರು.

"ಆಟೋದಾಗ ಮಾತಾಡೋರು ನೀವೇನ್ರಿ ಅಕ್ಕಾರೆ? ನಾನ್ರಿ, ಆ ಹುಲಿ."

ನನಗೆ ನಗು ಬಂತು. ಅವರು ನಗಲಿಲ್ಲ.

"ದಾವಣಗೇರ್ಯಾಗ ಏನಾರ ಅನ್ರಿ. ಹರಿಹರದಾಗ ನಾ ಸೋತಿದ್ದು ನೋಡ್ದಿರೋರು ಯಾರದಾರ? ಕಾರ್ಖಾನಿ ಗೇಟ್‌ನಾಗ ನಿಂತು 'ಸೋಲರಿಯದವ ಬಂದ' ಅಂತ ನಗ್ತಾರ. ಆ ಮಾತು ತೆಗೀರಿ."

"ಪ್ರಚಾರ ಅಂದರೆ ಹಾಗೇ ಕಣ್ರೀ," ಎಂದೆ, ಸ್ವಲ್ಪ ಬಿಗಿಯಾಗಿಯೇ. ನನ್ನ ಸಾಲು ತೆಗೆಯಿರಿ ಅಂದರೆ ನನಗೆ ಮೈ ಉರಿಯುತ್ತಿತ್ತು. "ನಾಲ್ಕು ಜನ ನಕ್ಕರೆ ನಗಲಿ. ಸೋತವನನ್ನು ನೋಡಲು ಯಾರು ಬರುತ್ತಾರೆ?"

ಅವರು ಗೋಣಿಚೀಲದ ಗೋಡೆಯನ್ನೇ ನೋಡುತ್ತ ಹೇಳಿದರು. "ನಗೋರ ಚಿಂತಿಲ್ರಿ ನಂಗೆ. ಏಳು ಸಲ ಸೋತೀನಿ. ಅದ್ರಾಗ ಎರಡು ಸಲ ನಮ್ಮಣ್ಣಗ. ಗರಡ್ಯಾಗ ಅಲ್ರಿ, ಜನದ ಮುಂದ, ಅಖಾಡದಾಗ. ನಮಗೆ ಜೋಡಿ ಸಿಗ್ಲಿಲ್ಲ ಅಂತ ಅಣ್ತಮ್ಮರನ್ನೇ ಬಿಟ್ಟಿದ್ರು. ಅಣ್ಣ ಕಾಮಾಲಿ ಆಗಿ ಹೋದ, ಎರಡು ವರ್ಷಾತು. ನಾ ಸೋತೇ ಇಲ್ಲ ಅಂದ್ರೆ ಅವ ಗೆದ್ದೇ ಇಲ್ಲ ಅಂದಂಗಾತಲ್ರಿ. ಅವ್ವ ನಿನ್ನಿ ಕೇಳಿದ್ಲು, 'ಯಾಕಪ್ಪ, ಅಣ್ಣನ್ನ ಮರ್ತ್ಯೇನು' ಅಂತ."

ಮೇಜಿನ ಮೇಲಿದ್ದ ನನ್ನ ಹಾಳೆಯನ್ನು ಮಗುಚಿಟ್ಟೆ.

"ಆ ಮಾತು ಇರೋ ಮಟ ನಾ ಅಖಾಡಕ್ಕೆ ಇಳಿಯಲ್ರಿ," ಎಂದರು.

"ಇಂಥ ಅವಕಾಶ ಮತ್ತೆ ಬರುತ್ತದೆಯೇ?" ಎಂದು ಕೇಳಿದೆ.

"ಬರಲ್ರಿ. ಈ ವಯಸ್ಸಿಗೆ ಇದೇ ಕಡೇದು," ಎಂದರು.

ಕಾಗದ ತೆಗೆದು, ಯಾರಿಗೆ ಎಷ್ಟು ಸಲ ಎಂದು ಕೇಳಿ ಬರೆದುಕೊಂಡೆ. ಮಾಲೀಕರು ಊಟಕ್ಕೆ ಹೋಗಿದ್ದರು. ಅಧ್ಯಕ್ಷರನ್ನು ಕೇಳುವ ಗೊಡವೆಗೇ ಹೋಗಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು. "ಪ್ರಿಯ ಕುಸ್ತಿ ಅಭಿಮಾನಿಗಳೇ, ಹರಿಹರದ ಈ ಪೈಲ್ವಾನ ಏಳು ಸಲ ಸೋತಿದ್ದಾನೆ. ಲೋಕಿಕೆರೆಯ ಪೈಲ್ವಾನನಿಗೆ ಎರಡು ಸಲ. ರಾಣೆಬೆನ್ನೂರಿನವನಿಗೆ, ಹೊನ್ನಾಳಿಯವನಿಗೆ, ಮಲೇಬೆನ್ನೂರಿನವನಿಗೆ ಒಂದೊಂದು ಸಲ. ತನ್ನ ಸ್ವಂತ ಅಣ್ಣನಿಗೆ ಎರಡು ಸಲ. ಆದರೂ ಬರುತ್ತಿದ್ದಾನೆ, ಬೆಳ್ಳಿ ಗದೆ ಕೇಳಲು!" ಈ ಸಲ ದನಿ ನಡುಗಿಸಲಿಲ್ಲ. ಓದಿ ಮುಗಿಸುವವರೆಗೂ ಕೆಳಗೆ ಒಂದೂ ಹಾರ್ನ್ ಕೇಳಲಿಲ್ಲ.

ಮಂಗಳವಾರ ಹತ್ತು ಗಂಟೆಗೆ ಅಧ್ಯಕ್ಷರು ದುಮುಗುಡುತ್ತ ಮೆಟ್ಟಿಲು ಹತ್ತಿ ಬಂದರು. ತಮ್ಮ ಅಂಗಡಿಯ ಮುಂದೆಯೇ ಆಟೋ ಕೂಗಿತ್ತಂತೆ.

"ಏನವ್ವ, ತಲೆಗಿಲೆ ಕೆಟ್ಟೈತೇನು? ಪ್ರಚಾರ ಮಾಡು ಅಂದ್ರೆ ಮಾನ ಕಳೀತಿಯಲ್ಲ!"

"ಅವರ ಮಾನ ಅಲ್ಲೇ ಇದೆ. ಕಳೆದಿದ್ದರೆ ನನ್ನದು, ನಾಲ್ಕು ದಿನ ಸುಳ್ಳು ಹೇಳಿದ್ದಕ್ಕೆ," ಎಂದೆ. ಮಾಲೀಕರು ನನ್ನ ಹಿಂದೆ ನಿಂತು ಕೈಸನ್ನೆಯಲ್ಲಿ ಸುಮ್ಮನಿರು ಎನ್ನುತ್ತಿದ್ದರಂತೆ, ನಾನು ನೋಡಲಿಲ್ಲ.

ಅಧ್ಯಕ್ಷರು ಬೆವರು ಒರೆಸಿಕೊಂಡು ಹೇಳಿದರು. "ಗುರುವಾರದ ಮಟ ನೋಡ್ತೀನಿ. ಅಷ್ಟ್ರೊಳಗ ಇವನ ಹೆಸರು ಜನದ ಬಾಯಾಗ ಬರ್ಬೇಕು. ಇಲ್ಲಾಂದ್ರೆ ಬೆಳಗಾವಿ ಕಡೆಯಿಂದ ಹೆಸರಿರೋ ಪೈಲ್ವಾನನ್ನ ಕರೆಸ್ತೀನಿ. ಇವ ಮನಿಗೆ ಹೋಗ್ಲಿ."

ಆ ಎರಡು ದಿನ ನಾನು ಪಟ್ಟ ಪಾಡು ಯಾರಿಗೂ ಬೇಡ. ನನ್ನ ಹಟಕ್ಕೆ ಒಬ್ಬರ ಕೊನೆಯ ಕುಸ್ತಿ ಹೋಗುತ್ತದಲ್ಲ ಎಂದು ಸಂಕಟ. ಓದುವ ಸಾಲು ತಪ್ಪುತ್ತಿತ್ತು, ಕಣ್ಣಿನ ತಪಾಸಣೆಯ ತಾರೀಖನ್ನೇ ಎರಡು ಸಲ ತಪ್ಪು ಓದಿದೆ. ಆಟೋ ಸದ್ದು ಕೇಳಿದರೆ ಎದ್ದು ಕಿಟಕಿ ತೆರೆಯುತ್ತಿದ್ದೆ, ಮಾಲೀಕರು ಬೈದು ಮುಚ್ಚುತ್ತಿದ್ದರು. ಬುಧವಾರ ಸಂಜೆ ಆಟೋದವರು ಚಹಾಕ್ಕೆ ಬಂದಾಗ ಮೈಮೇಲೆ ಬಿದ್ದ ಹಾಗೆ ಕೇಳಿದೆ, ಜನ ಏನಂತಾರೆ ಅಂತ.

"ನಗ್ತಾರ ತಂಗಿ, ಆದ್ರ ನಿಂತು ಕೇಳ್ತಾರ," ಎಂದರು. "ಹರಿಹರದಾಗ ಒಬ್ಬ ಅಜ್ಜಿ ನಿನ್ನಿಯಿಂದ ಬಾಗಿಲಾಗ ಕುಂತಿರ್ತಾಳ. ಆ ಪೈಲ್ವಾನನ ತಾಯಿ ಅಂತೆ. ಅಣ್ಣಂದು ಬರೋ ಮಟ ಕೇಳ್ತಾಳ. ಬಂದ್ ಮ್ಯಾಲೆ ಎದ್ದು ಒಳಗೆ ಹೋಗ್ತಾಳ. ನಾನೂ ಅಲ್ಲಿ ಗಾಡಿ ನಿಧಾನ ಮಾಡ್ತೀನಿ."

ಗುರುವಾರ ನಾನು ಊಟವನ್ನೂ ಬಿಟ್ಟು ಅಧ್ಯಕ್ಷರ ಅಂಗಡಿಗೇ ನಡೆದೆ, ಏನಾದರೂ ಆಗಲಿ, ಬೈಸಿಕೊಂಡೇ ಬರೋಣ ಎಂದು. ಅಲ್ಲಿ ಲೋಕಿಕೆರೆಯಿಂದ ಬಂದ ನಾಲ್ಕೈದು ಜನ ಕಾಳಿನ ಚೀಲಗಳ ಮೇಲೆ ಕೂತಿದ್ದರು. ಮೀಸೆಯ ಹಿರಿಯರೊಬ್ಬರು ಅಧ್ಯಕ್ಷರಿಗೆ ತಿಳಿಹೇಳುತ್ತಿದ್ದರು.

"ನಮ್ಮ ಹುಡುಗ ಅವನ್ನ ಎರಡು ಸಲ ಚಿತ್ ಮಾಡ್ಯಾನ್ರಿ, ಬೆನ್ನು ಮಣ್ಣಿಗೆ ಹಚ್ಯಾನ. ಈಗ ಅವ ಗದೆ ಗೆದ್ದ ಅನ್ಕೊಳ್ರಿ. ಗದೆ ಗೆದ್ದೋನ್ನ ಕೆಡವಿದೋನು ಯಾರು? ನಮ್ಮ ಹುಡುಗ! ಅಂದ್ಮ್ಯಾಲೆ ಅರ್ಧ ಗದೆ ಲೋಕಿಕೆರೇದಾತಲ್ಲ. ಮೂರು ಟ್ರ್ಯಾಕ್ಟರ್ ಬರ್ತಾವ. ಮುಂದ್ಗಡೆ ಜಾಗ ಇಡ್ರಿ."

ಹೊನ್ನಾಳಿಯಿಂದಲೂ ಮಲೇಬೆನ್ನೂರಿನಿಂದಲೂ ಇದೇ ಲೆಕ್ಕಾಚಾರದಲ್ಲಿ ಫೋನ್ ಬಂದಿತ್ತಂತೆ. ಅಧ್ಯಕ್ಷರು ನನ್ನ ಕಡೆ ನೋಡಿ, ತಲೆ ಕೆರೆದುಕೊಂಡು, "ಬಾರವ್ವ, ಚಾ ಕುಡಿ" ಎಂದರು. ಬೆಳಗಾವಿಯ ಮಾತು ಮತ್ತೆ ಎತ್ತಲಿಲ್ಲ.

ಭಾನುವಾರ ಸಂಜೆ ಮೊದಲ ಸಲ ಕುಸ್ತಿ ನೋಡಿದೆ. ಹೆಂಗಸರು ಅಂತ ಐದಾರು ಜನ, ಒಂದು ಮೂಲೆಯಲ್ಲಿ ಜಮಖಾನ ಹಾಸಿಕೊಟ್ಟಿದ್ದರು. ಕೂರಲು ನನ್ನಿಂದ ಆಗಲಿಲ್ಲ, ನಿಂತೇ ನೋಡಿದೆ. ಲೋಕಿಕೆರೆಯವರು ಹರಿಹರದವರ ಹೆಸರು ಕೂಗಿ ಕೂಗಿ ಗಂಟಲು ಹರಿದುಕೊಂಡರು. ಇಪ್ಪತ್ತು ನಿಮಿಷ ಇಬ್ಬರೂ ಜಗ್ಗಲಿಲ್ಲ. ಆಮೇಲೆ ಏನಾಯಿತೋ ನನಗೆ ತಿಳಿಯಲೇ ಇಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಹರಿಹರದವರ ಬೆನ್ನು ಮಣ್ಣಿಗೆ ಹತ್ತಿತ್ತು. ಎದ್ದು, ಗೆದ್ದವನ ಕೈ ಹಿಡಿದು ಎತ್ತಿ, ಮಣ್ಣು ಹಣೆಗೆ ಹಚ್ಚಿಕೊಂಡು ಜನದ ನಡುವೆ ಹೋಗಿಬಿಟ್ಟರು. ನನಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟೂ ಬಂತು.

ಕೆಲಸ ಮುಗಿದ ಕ್ಯಾಸೆಟ್ಟಿನ ಮೇಲೆಯೇ ಹೊಸ ಪ್ರಚಾರ ತುಂಬುವುದು ನಮ್ಮ ಅಂಗಡಿಯ ರೂಢಿ. ಸೋಮವಾರ ಬೆಳಿಗ್ಗೆ ಮಾಲೀಕರು ಕೊಟ್ಟ ಸೀರೆ ಮಾರಾಟದ ಹಾಳೆಯನ್ನು ಕುಸ್ತಿಯ ಕ್ಯಾಸೆಟ್ಟಿನ ಮೇಲೆಯೇ ಓದಿ ಮುಗಿಸಿದೆ. ಮಂಗಳವಾರ ಹರಿಹರದ ಪೈಲ್ವಾನರು ಮತ್ತೆ ಬಂದರು. ಸೋಲಿನ ಮಾತು ಹೇಗೆ ಎತ್ತುವುದೆಂದು ನಾನು ಪರದಾಡುತ್ತಿದ್ದರೆ ಅವರಿಗೆ ಅದರ ಚಿಂತೆಯೇ ಇರಲಿಲ್ಲ.

"ಅವ್ವ ನಿನ್ನಿಯೂ ಬಾಗಿಲಾಗ ಕುಂತಿದ್ಲ್ರಿ ಅಕ್ಕಾರೆ. ಇವತ್ತೂ ಕುಂತಾಳ. ಆಟೋ ಯಾಕ ಬರ್ಲಿಲ್ಲ ಅಂತಾಳ. ಕುಸ್ತಿ ಮುಗೀತವ್ವ ಅಂದೆ. ಅಣ್ಣಂದೂ ಮುಗೀತೇನು ಅಂದ್ಲು. ಆ ಕ್ಯಾಸೆಟ್ ಕೊಡ್ತೀರೇನ್ರಿ? ಮಗ್ಗಲ ಮನ್ಯಾಗ ಟೇಪ್‌ರೆಕಾರ್ಡರ್ ಐತಿ."

ಅದರ ಮೇಲೆ ಆಗಲೇ ಸೀರೆ ಮಾರಾಟ ತುಂಬಿಯಾಗಿತ್ತು. ಕಪಾಟಿನಿಂದ ಹೊಸ ಕ್ಯಾಸೆಟ್ ತೆಗೆದೆ. ಮಾಲೀಕರು "ಇದು ಯಾರ ಆರ್ಡರಮ್ಮ?" ಎಂದರು. "ನಂದು," ಎಂದೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಮೈಕಿನ ಮುಂದೆ ಕೂತೆ. ಹಳೆಯ ಹಾಳೆ ಕೈಯಲ್ಲೇ ಇತ್ತು, ಆದರೆ ಮೊದಲ ಪದವೇ ಹೊರಡಲಿಲ್ಲ. ಇಲ್ಲಿ ಪ್ರಿಯ ಕುಸ್ತಿ ಅಭಿಮಾನಿಗಳು ಯಾರಿದ್ದಾರೆ? ಏನಂತ ಶುರು ಮಾಡಲಿ ಎಂದು ಬಾಗಿಲಲ್ಲಿ ನಿಂತವರನ್ನೇ ಕೇಳಿದೆ.

"ಅವ್ವ ಅನ್ರಿ," ಎಂದರು.

ಹಾಳೆ ಮಡಿಸಿ ಪಕ್ಕಕ್ಕಿಟ್ಟೆ. ಕೆಂಪು ಗುಂಡಿ ಒತ್ತಿದೆ.

"ಅವ್ವಾ," ಎಂದೆ, "ನಿಮ್ಮ ದೊಡ್ಡ ಮಗ ಎರಡು ಸಲ ಗೆದ್ದಿದ್ದಾನೆ."