ರಾಜಕೀಯ ಬೇಡ ಎಂದ ಓದುಗರು

ಅಮೆರಿಕದ ಬೇ ಏರಿಯಾದಲ್ಲಿರುವ ನಮ್ಮ ಊರಿನ ಕನ್ನಡ ಓದುಗರ ಬಳಗಕ್ಕೆ ಇದ್ದದ್ದು ಒಂದೇ ನಿಯಮ: ರಾಜಕೀಯ ಮಾತಾಡಬಾರದು. ನಿಯಮ ಮಾಡಿದವರು ಬಳಗದ ಹಿರಿಯರು, ಮೈಸೂರಿನ ಡಾಕ್ಟರು. ಚುನಾವಣೆಯ ಸುದ್ದಿ ಎತ್ತಿದರೆ ಸಾಕು, "ಅದೆಲ್ಲ ಇಲ್ಲಿ ಬೇಡಮ್ಮ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ಕಾದಂಬರಿ ಓದುತ್ತಾ ರಾಜಕೀಯ ಬೇಡವೆನ್ನುವುದು ಅಡುಗೆಮನೆಯಲ್ಲಿ ಕೂತು ಊಟದ ಮಾತು ಬೇಡ ಅಂದ ಹಾಗೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಳೆದ ವರ್ಷ ಓದಿದ ಕಾದಂಬರಿಯೊಂದರಲ್ಲಿ ಪಂಚಾಯಿತಿಯವರು ಊರಿನ ಶಾಲೆ ಮುಚ್ಚಲು ಹೊರಡುತ್ತಾರೆ. ಸಭೆಯಲ್ಲಿ ಕೂತ ಮೇಷ್ಟ್ರು ತುಟಿ ಬಿಚ್ಚುವುದಿಲ್ಲ. ಚರ್ಚೆಯ ದಿನ ಎಲ್ಲರೂ ಆ ಮೇಷ್ಟ್ರನ್ನು ತರಾಟೆಗೆ ತೆಗೆದುಕೊಂಡರು. "ಎಂಥಾ ಹೇಡಿ!" ಎಂದರು ಡಾಕ್ಟರು.

ನನಗೆ ತಡೆಯಲಾಗಲಿಲ್ಲ. "ಅಂಕಲ್, ನಾವು ಕೂತಿರೋ ಈ ಲೈಬ್ರರಿನ ಪ್ರತಿ ಭಾನುವಾರ ಮುಚ್ಚಬೇಕು ಅಂತ ಸಿಟಿ ಕೌನ್ಸಿಲ್‌ನವರು ಹೊರಟಿದಾರೆ. ಮಂಗಳವಾರ ಸಿಟಿ ಹಾಲಲ್ಲಿ ಮೀಟಿಂಗು, ಊರಿನವರು ಯಾರು ಬೇಕಾದ್ರೂ ಮಾತಾಡ್ಬಹುದು. ನಮ್ಮಲ್ಲಿ ಯಾರು ಹೋಗ್ತಿದೀವಿ?"

ಎಲ್ಲರೂ ತಮ್ಮ ತಮ್ಮ ಪುಸ್ತಕದ ಪುಟ ತಿರುವತೊಡಗಿದರು. ಇಲ್ಲಿನ ಪೌರತ್ವ ಪಡೆದು ಎಷ್ಟೋ ವರ್ಷವಾಗಿದ್ದರೂ ನಾವು ಆ ಸಭಾಂಗಣದ ಮೆಟ್ಟಿಲು ಹತ್ತಿದವರಲ್ಲ.

ಮಂಗಳವಾರ ಸಂಜೆ ನಾನು ಹೋದಾಗ ಮೈಕಿನ ಮುಂದಿನ ಸಾಲಿನಲ್ಲಿ ಮೊದಲು ನಿಂತಿದ್ದವರೇ ಡಾಕ್ಟರು! ಅವರ ಹಿಂದೆ ಇಡೀ ಬಳಗ. "ಒಂದು ಕಾದಂಬರಿ ಓದಿ ಇಲ್ಲಿಗೆ ಬಂದಿದ್ದೇನೆ" ಎಂದು ಇಂಗ್ಲಿಷಿನಲ್ಲಿ ಶುರು ಮಾಡಿ ಮೇಷ್ಟ್ರ ಕಥೆ ಪೂರ್ತಿ ಹೇಳಿದರು. ಸಿಟಿಯವರು ಆ ಯೋಚನೆ ಕೈಬಿಟ್ಟರು.

ಮುಂದಿನ ಭಾನುವಾರ ಅದೇ ಲೈಬ್ರರಿಯಲ್ಲಿ ಡಾಕ್ಟರು ಹೊಸ ಕಾದಂಬರಿಯನ್ನು ಮೇಜಿನ ಮೇಲಿಟ್ಟು ನನ್ನತ್ತ ತಿರುಗಿದರು.

"ಇದನ್ನ ಓದಿ ಯಾರ ಹತ್ರ ಜಗಳಕ್ಕೆ ಹೋಗ್ಬೇಕಮ್ಮ?"